ಚಾಟ್ನಿ ಯಾವಾಗ? ಮಳೆ ಲೆಕ್ಕ ತಪ್ಪಿದ ಮೇಲೆ ದ್ರಾಕ್ಷಿ ಬೆಳೆಗಾರರ ಮುಂದಿರುವ ದಾರಿಗಳು

ವಿಜಯಪುರ: ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ವರ್ಷದಲ್ಲಿ ಎರಡು ತಾರೀಕು ಮುಖ್ಯ. ಒಂದು ಏಪ್ರಿಲ್ ಚಾಟ್ನಿ, ಇನ್ನೊಂದು ಅಕ್ಟೋಬರ್ ಚಾಟ್ನಿ. ಮೊದಲನೆಯದು ಕಡ್ಡಿ ಬೆಳೆಸೋಕೆ, ಎರಡನೆಯದು ಹಣ್ಣು ಹಿಡಿಸೋಕೆ. ತಿಕೋಟಾ, ಬಬಲೇಶ್ವರ ಭಾಗದ ಅಗ್ರೋ ಅಂಗಡಿಯವರು, ಟ್ರೇ ಮತ್ತು ಪೇಪರ್ ಮಾರುವವರು, ಟ್ರ್ಯಾಕ್ಟರ್ ಬಾಡಿಗೆಯವರು, ಕೂಲಿ ತಂಡದವರು, ಕೊನೆಗೆ ಊರಿನ ಚಹಾದಂಗಡಿಯವರೆಗೆ ಎಲ್ಲರ ವರ್ಷದ ಲೆಕ್ಕ ಈ ಎರಡನೇ ತಾರೀಕಿಗೆ ಗಂಟು ಹಾಕಿಕೊಂಡಿದೆ. ಅಕ್ಟೋಬರ್‌ನಲ್ಲಿ ಉದ್ರಿ ಕೊಟ್ಟ ಔಷಧದ ಹಣ ಮಾರ್ಚ್‌ನಲ್ಲಿ ಬರಬೇಕು. ನಡುವೆ ನವೆಂಬರ್ ಮಳೆ ಬಂತು ಅಂದ್ರೆ ಆ ಹಣ ಮುಂದಿನ ವರ್ಷದ ಪುಟಕ್ಕೆ ಹೋಗುತ್ತದೆ.

ಹವಾಮಾನ ಬದಲಾವಣೆ ಅಂದರೆ ಬಿಸಿಲು ಜಾಸ್ತಿ ಆಗೋದು ಎಂದು ಹೆಚ್ಚಿನವರು ತಿಳಿದಿದ್ದಾರೆ. ನಮ್ಮ ಜಿಲ್ಲೆಗೆ 40 ಡಿಗ್ರಿ ಬಿಸಿಲು ಹೊಸದೇನಲ್ಲ, ದ್ರಾಕ್ಷಿಗೂ ಅದು ಹೊಸದಲ್ಲ. ಇಲ್ಲಿನ ತೋಟಗಳನ್ನು ಹೆಚ್ಚು ಕಾಡುತ್ತಿರುವುದು ಮಳೆ ಬರುವ ತಾರೀಕು. ವರ್ಷಕ್ಕೆ ಬೀಳುವುದೇ 600 ಮಿ.ಮೀ. ಆಸುಪಾಸು. ಅದು ಯಾವ ವಾರ ಬೀಳುತ್ತದೆ ಎಂಬುದರ ಮೇಲೆ ಲಕ್ಷಗಟ್ಟಲೆ ಹಣ ನಿಂತಿದೆ.

ಹಸ್ತ ಮಳೆಯ ಮೇಲಿನ ನಂಬಿಕೆ

ಹಸ್ತ ಮಳೆ ಮುಗಿಯಿತು, ಚಿತ್ತ ಮಳೆ ಅರ್ಧ ಕಳೆಯಿತು ಅಂದರೆ ಕತ್ತರಿ ಹಿಡಿಯಬಹುದು ಎನ್ನುವುದು ಹಳೆಯ ಲೆಕ್ಕ. ಹಸ್ತ ಮುಗಿಯುವುದು ಅಕ್ಟೋಬರ್ 10ರ ಹೊತ್ತಿಗೆ. ಮುಂಗಾರು ದೇಶದಿಂದ ಹಿಂದೆ ಸರಿಯುವುದು ಅಕ್ಟೋಬರ್ 15ರ ಹೊತ್ತಿಗೆ ಎಂದು ಹವಾಮಾನ ಇಲಾಖೆಯೂ ಹೇಳುತ್ತದೆ. ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದೇ. ಅದಾದ ಮೇಲೆ ಒಣ ಹವೆ, ತಂಪು ರಾತ್ರಿ, ಸ್ವಚ್ಛ ಬಿಸಿಲು. ದ್ರಾಕ್ಷಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದಿಲ್ಲ ಎಂದು ಈ ಬೆಳೆ ಇಲ್ಲಿ ಬೇರೂರಿದ್ದೇ ಆ ನಂಬಿಕೆಯಿಂದ.

ಈಗ ಮಳೆಗಾಲದ ಬಾಲ ಉದ್ದವಾಗಿದೆ. ವಾಯವ್ಯ ಭಾರತದಿಂದ ಮುಂಗಾರು ಹಿಂದೆ ಸರಿಯಲು ಶುರುವಾಗುವ ಸಾಮಾನ್ಯ ದಿನಾಂಕವನ್ನು ಹವಾಮಾನ ಇಲಾಖೆಯೇ 2020ರಲ್ಲಿ ಸೆಪ್ಟೆಂಬರ್ 1ರಿಂದ 17ಕ್ಕೆ ಬದಲಿಸಿತು. ಇದರ ಜೊತೆಗೆ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದ ವಾಯುಭಾರ ಕುಸಿತಗಳು. ಚಂಡಮಾರುತ ಎಲ್ಲೋ ಆಂಧ್ರದ ಕರಾವಳಿಗೆ ಅಪ್ಪಳಿಸಿದರೂ ಇಲ್ಲಿ ಮೂರು ದಿನ ಮೋಡ ಕವಿಯುತ್ತದೆ, ಜಿಟಿಜಿಟಿ ಹನಿಯುತ್ತದೆ. 2021ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಸುರಿದ ಅಕಾಲಿಕ ಮಳೆ ದ್ರಾಕ್ಷಿ ಬೆಳೆಗಾರರಿಗೆ ಇನ್ನೂ ಮರೆತಿಲ್ಲ. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಒಂದು ವರ್ಷ ಬಳ್ಳಿ ನೆನೆದು ಹಾಳು, ಇನ್ನೊಂದು ವರ್ಷ ನೀರಿಲ್ಲದೆ ಹಾಳು. ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರು ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ.

ನಾಲ್ಕು ಹನಿ ಮಳೆ ಯಾಕೆ ಇಷ್ಟು ಅಪಾಯ?

ಊರಿನಲ್ಲಿ ಎಲ್ಲರೂ ‘ಡೌನಿ’ ಎಂದು ಕರೆಯುವ ಬೂಜು ತುಪ್ಪಟ ರೋಗದ ಶಿಲೀಂಧ್ರಕ್ಕೆ ಬೇಕಾಗಿರುವುದು ದೊಡ್ಡ ಮಳೆ ಅಲ್ಲ. ಎಲೆಯ ಮೇಲೆ ಕೆಲವು ಗಂಟೆ ನೀರಿನ ತೆಳು ಪದರ ಇದ್ದರೆ ಸಾಕು. ಅದರ ಬೀಜಾಣು ಆ ನೀರಿನಲ್ಲಿ ಈಜಿಕೊಂಡು ಹೋಗಿ ಎಲೆಯ ಉಸಿರಾಟದ ರಂಧ್ರಗಳ ಮೂಲಕ ಒಳಗೆ ಸೇರುತ್ತದೆ. 20ರಿಂದ 25 ಡಿಗ್ರಿ ತಾಪಮಾನ ಅದಕ್ಕೆ ಬಹಳ ಇಷ್ಟ. ನವೆಂಬರ್‌ನ ಮೋಡದ ದಿನ ಸರಿಯಾಗಿ ಅಷ್ಟೇ ಇರುತ್ತದೆ. ಕೆಲವೇ ದಿನಗಳಲ್ಲಿ ಎಲೆಯ ಮೇಲೆ ಎಣ್ಣೆ ಹಚ್ಚಿದಂಥ ಹಳದಿ ಕಲೆ, ಕೆಳಗೆ ಬಿಳಿ ಬೂಜು ಕಾಣುತ್ತದೆ. ಕಲೆ ಕಾಣುವ ಹೊತ್ತಿಗೆ ರೋಗ ಒಳಗೆ ಮನೆ ಮಾಡಿ ಆಗಿರುತ್ತದೆ.

ಎಲೆಗೆ ಬಂದರೆ ತಡೆದುಕೊಳ್ಳಬಹುದು. ಗೊಂಚಲಿಗೆ, ಅದರಲ್ಲೂ ಹೂವಿನ ಹಂತಕ್ಕೆ ಮುಂಚೆ ಬಂದರೆ ಇಡೀ ಗೊಂಚಲು ಒಣಗಿ ಉದುರುತ್ತದೆ. ಚಾಟ್ನಿ ಮಾಡಿದ ಹತ್ತು ದಿನದಿಂದ ಸುಮಾರು 45 ದಿನದವರೆಗೆ ಈ ಕಿಟಕಿ ತೆರೆದಿರುತ್ತದೆ. ಕಾಳು ಬಟಾಣಿ ಗಾತ್ರ ದಾಟಿದ ಮೇಲೆ ಡೌನಿ ಭಯ ಕಡಿಮೆ. ಅಕ್ಟೋಬರ್ 10ಕ್ಕೆ ಚಾಟ್ನಿ ಮಾಡಿದವರಿಗೆ ಅಕ್ಟೋಬರ್ 20ರಿಂದ ನವೆಂಬರ್ 25ರವರೆಗೆ, ಅಂದರೆ ಸ್ವಾತಿ, ವಿಶಾಖ ಮಳೆಗಳ ಕಾಲದಲ್ಲಿ, ಈ ಅಪಾಯ. ಕುಸಿತದ ಮೋಡ ಕಾಡುವುದೂ ಇದೇ ವಾರಗಳಲ್ಲಿ.

ಎಲ್ಲರ ಕತ್ತರಿ ಒಂದೇ ವಾರ

ತೊಂದರೆಯ ಇನ್ನೊಂದು ಮುಖದ ಬಗ್ಗೆ ಮಾತು ಕಡಿಮೆ. ಊರಿನ ಬಹುತೇಕ ತೋಟಗಳು ಎರಡು-ಮೂರು ವಾರಗಳ ಒಳಗೆ ಚಾಟ್ನಿ ಮುಗಿಸುತ್ತವೆ. ಕೂಲಿ ತಂಡ ಬಂದಾಗ ಮಾಡಿಸಿಕೊಳ್ಳಬೇಕು, ಪಕ್ಕದವರು ಮಾಡಿದರು ಅಂತ ನಾವೂ ಮಾಡಬೇಕು, ವ್ಯಾಪಾರಿ ಬಂದಾಗ ಮಾಲು ತಯಾರಿರಬೇಕು. ಕಾರಣಗಳೆಲ್ಲ ಸರಿಯೇ. ಆದರೆ ಹೀಗೆ ಮಾಡಿದಾಗ ಇಡೀ ತಾಲ್ಲೂಕಿನ ಹೂವು ಒಂದೇ ವಾರ ಬರುತ್ತದೆ. ಆ ವಾರ ಮಳೆ ಬಂದರೆ ಎಲ್ಲರಿಗೂ ಒಟ್ಟಿಗೆ ಪೆಟ್ಟು, ಅಂಗಡಿಯ ಉದ್ರಿ ಪುಸ್ತಕಕ್ಕೂ ಒಟ್ಟಿಗೆ ಪೆಟ್ಟು.

ನಾಲ್ಕು ಎಕರೆ ಇರುವವರು ಎರಡು ಎಕರೆಯನ್ನು ಅಕ್ಟೋಬರ್ ಮೊದಲ ಭಾಗದಲ್ಲಿ, ಉಳಿದ ಎರಡನ್ನು ಮೂರು ವಾರ ಬಿಟ್ಟು ಚಾಟ್ನಿ ಮಾಡಿದರೆ ಒಂದೇ ಮಳೆ ಪೂರ್ತಿ ತೋಟವನ್ನು ಒಂದೇ ಹಂತದಲ್ಲಿ ಹಿಡಿಯುವುದಿಲ್ಲ. ಇದಕ್ಕೆ ಹೊಸ ಯಂತ್ರ ಬೇಡ, ಸಾಲ ಬೇಡ. ಹವಾಮಾನಕ್ಕೆ ಹೊಂದಿಕೊಳ್ಳುವ ಉಪಾಯಗಳಲ್ಲಿ ಇದೇ ಅತಿ ಅಗ್ಗ, ಆದರೂ ಮಾಡುವವರು ಕಡಿಮೆ. ಯಾಕೆಂದರೆ ಕೆಲಸ ಎರಡು ಪಟ್ಟಾಗುತ್ತದೆ. ಔಷಧ ಹೊಡೆಯುವ ವೇಳಾಪಟ್ಟಿ ಎರಡು, ಕೂಲಿ ತಂಡವನ್ನು ಕರೆಯುವುದು ಎರಡು ಸಲ, ಮಾಲು ಮಾರುವುದು ಎರಡು ಸಲ. ಒಂದು ಊರಿನ ಹತ್ತು ಬೆಳೆಗಾರರು ಕೂತು ಸರದಿ ಹಾಕಿಕೊಂಡರೆ ಕೂಲಿಯ ತೊಂದರೆ ಸ್ವಲ್ಪ ಕಡಿಮೆಯಾಗುತ್ತದೆ. ತಂಡಗಳಿಗೂ ಎರಡು ವಾರದ ಬದಲು ಐದು ವಾರ ಕೆಲಸ ಸಿಗುತ್ತದೆ.

ಹಾಗಂತ ಎಲ್ಲವನ್ನೂ ತಡ ಮಾಡುವುದೂ ಜಾಣತನ ಅಲ್ಲ. ನವೆಂಬರ್ 10ರ ಮೇಲೆ ಚಾಟ್ನಿ ಮಾಡಿದರೆ ಹೂವು ಮಳೆಯಿಂದ ತಪ್ಪಿಸಿಕೊಳ್ಳಬಹುದು, ಆದರೆ ಹಣ್ಣು ಬರುವುದು ಮಾರ್ಚ್ ಕೊನೆಗೆ. ಆಗ ಬೋರ್‌ವೆಲ್ ನೀರು ಇಳಿದಿರುತ್ತದೆ. ಒಣದ್ರಾಕ್ಷಿ ಮಾಡುವವರಿಗೆ ಏಪ್ರಿಲ್‌ನ ಅಡ್ಡ ಮಳೆ, ಆಲಿಕಲ್ಲು ಕಾದು ಕೂತಿರುತ್ತದೆ. ಒಂದು ತುದಿಯಲ್ಲಿ ಸ್ವಾತಿ ಮಳೆ, ಇನ್ನೊಂದು ತುದಿಯಲ್ಲಿ ಅಶ್ವಿನಿ, ಭರಣಿ ಮಳೆ. ಬೆಳೆಗಾರನಿಗೆ ಉಳಿದಿರುವ ಜಾಗ ಈ ಎರಡರ ನಡುವಿನದು.

ಏಪ್ರಿಲ್ ಚಾಟ್ನಿಯನ್ನು ಹೆಚ್ಚಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಮುಂದಿನ ವರ್ಷದ ಗೊಂಚಲು ಎಷ್ಟು ಎಂಬುದು ತೀರ್ಮಾನವಾಗುವುದು ಆ ಚಾಟ್ನಿಯ ಮೇಲೆ ಸುಮಾರು ಆರರಿಂದ ಒಂಬತ್ತು ವಾರಗಳಲ್ಲಿ, ಕಡ್ಡಿಯ ಕಣ್ಣಿನ ಒಳಗೆ. ಆ ದಿನಗಳಲ್ಲಿ ಬಿಸಿಲು ಕಣ್ಣಿಗೆ ಬೀಳಬೇಕು. ಚಾಟ್ನಿ ಮೇ ತಿಂಗಳಿಗೆ ಜಾರಿದರೆ ಈ ಕಾಲ ಜೂನ್, ಜುಲೈ ಮೋಡದಲ್ಲಿ ಸಿಕ್ಕಿಬೀಳುತ್ತದೆ. ಅಕ್ಟೋಬರ್‌ನಲ್ಲಿ ಕುಡಿ ಬರುತ್ತದೆ, ಗೊಂಚಲು ಬರುವುದಿಲ್ಲ. ಔಷಧ ಸರಿ ಇರಲಿಲ್ಲ ಎಂದು ಅಂಗಡಿಯವರ ಜೊತೆ ಜಗಳ ಆಗುವ ಎಷ್ಟೋ ಪ್ರಕರಣಗಳ ಮೂಲ ಆರು ತಿಂಗಳು ಹಿಂದಿನ ಮೋಡದಲ್ಲಿರಬಹುದು.

ಮಳೆಗೆ ಮುಂಚೆಯೋ, ಆಮೇಲೋ?

ಮಳೆ ಬಂದ ಮರುದಿನ ಅಗ್ರೋ ಅಂಗಡಿಗಳ ಮುಂದೆ ಬೈಕು ಸಾಲು ನಿಲ್ಲುವುದು ಎಲ್ಲರಿಗೂ ಗೊತ್ತಿರುವ ದೃಶ್ಯ. ಆದರೆ ಡೌನಿಗೆ ಕಾಪಾಡುವ ಔಷಧ ಹೆಚ್ಚು ಕೆಲಸ ಮಾಡುವುದು ಮಳೆಗೆ ಮುಂಚೆ ಎಲೆಯ ಮೇಲಿದ್ದಾಗ. ರೋಗ ಒಳಗೆ ಹೋದ ಮೇಲೆ ದುಬಾರಿ ಔಷಧ ಬೇಕು, ಅದೂ ಪೂರ್ತಿ ತಡೆಯುತ್ತದೆ ಎಂಬ ಖಾತ್ರಿ ಇಲ್ಲ. ಒಂದೇ ಗುಂಪಿನ ಔಷಧವನ್ನು ಮೇಲಿಂದ ಮೇಲೆ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕಂಪನಿಯ ಹೆಸರು ಬೇರೆ, ಡಬ್ಬಿಯ ಬಣ್ಣ ಬೇರೆ, ಒಳಗಿನ ರಾಸಾಯನಿಕ ಅದೇ ಇರಬಹುದು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಆ ಹೆಸರನ್ನು ಗಿರಾಕಿಗೆ ಓದಿ ಹೇಳುವ ಅಂಗಡಿಯವರು ತಮ್ಮ ಉದ್ರಿ ಹಣವನ್ನೇ ಕಾಪಾಡಿಕೊಂಡಂತೆ.

ಮುನ್ಸೂಚನೆ ಈಗ ಸಿಗುತ್ತದೆ. ಹವಾಮಾನ ಇಲಾಖೆಯ ಕೃಷಿ ಸಲಹಾ ಪತ್ರ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬರುತ್ತದೆ. ‘ಮೇಘದೂತ್’ ಆ್ಯಪ್‌ನಲ್ಲಿ ಅದೇ ಕನ್ನಡದಲ್ಲಿದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ಹಿಟ್ಟಿನಹಳ್ಳಿ ಮತ್ತು ಇಂಡಿಯ ಕೃಷಿ ವಿಜ್ಞಾನ ಕೇಂದ್ರಗಳೂ ಸಲಹೆ ಕೊಡುತ್ತವೆ. ಐದು ದಿನದ ಮುನ್ಸೂಚನೆ ಹತ್ತಕ್ಕೆ ಹತ್ತೂ ಸಲ ನಿಜ ಆಗುವುದಿಲ್ಲ. ಆದರೆ ಮೋಡ ನೋಡಿ ಓಡುವುದಕ್ಕಿಂತ ಅದು ಎಷ್ಟೋ ಮೇಲು.

ಇನ್ನೊಂದು ಕೆಲಸಕ್ಕೆ ಕೈ ಮಾತ್ರ ಸಾಕು. ಹೆಚ್ಚುವರಿ ಕುಡಿ ಕೀಳುವುದು, ಗೊಂಚಲಿನ ಸುತ್ತ ಗಾಳಿ ಆಡುವಂತೆ ಮಾಡುವುದು. ಗಾಳಿ ಆಡಿದರೆ ಎಲೆ ಬೇಗ ಆರುತ್ತದೆ, ಬೇಗ ಆರಿದರೆ ಡೌನಿಗೆ ಈಜಲು ನೀರಿಲ್ಲ. ‘ವೈ’ ಆಕಾರದ ಆ್ಯಂಗಲ್ ಹಾಕಿದ ತೋಟಗಳಲ್ಲಿ ಇದು ಸುಲಭ, ಹಳೆಯ ಚಪ್ಪರದಲ್ಲಿ ಕಷ್ಟ.

ಬೋರ್ಡೋ ಊರಿನವರೂ ಅದೇ ಚಿಂತೆಯಲ್ಲಿ

ಪ್ರತಿ ಅಂಗಡಿಯಲ್ಲೂ ಸಿಗುವ ಮೈಲುತುತ್ತ, ಅದಕ್ಕೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಡೌನಿಗೆ ಹಳೆಯ ಮದ್ದು. ಬೋರ್ಡೋ ಎಂಬುದು ಫ್ರಾನ್ಸಿನ ಒಂದು ಊರು. ಡೌನಿ ಅಮೆರಿಕದಿಂದ ಅಲ್ಲಿಗೆ ಹೋಗಿ ತೋಟಗಳನ್ನು ನಾಶ ಮಾಡಿದಾಗ 1885ರ ಸುಮಾರಿಗೆ ಅಲ್ಲಿ ಈ ದ್ರಾವಣ ಹುಟ್ಟಿತು. ಅದೇ ಬೋರ್ಡೋ ಈಗ ಬಿಸಿಲಿಗೆ ಹೆದರಿದೆ. ಅಲ್ಲಿ ವೈನ್‌ಗೆ ಯಾವ ತಳಿಯ ದ್ರಾಕ್ಷಿ ಬಳಸಬೇಕು ಎಂಬುದಕ್ಕೂ ಕಟ್ಟುನಿಟ್ಟಿನ ಕಾನೂನಿದೆ. ಬಿಸಿಲು ತಡೆಯುವ ಆರು ಹೊಸ ತಳಿಗಳಿಗೆ 2021ರಲ್ಲಿ ಒಪ್ಪಿಗೆ ಕೊಟ್ಟರು. ಅದೇ ದೇಶದ ಬೋನ್ ಎಂಬ ಊರಿನಲ್ಲಿ 1354ರಿಂದ ಕೊಯ್ಲಿನ ತಾರೀಕು ಬರೆದಿಟ್ಟಿದ್ದಾರೆ. 1988ರಿಂದ ಈಚೆಗೆ ಅಲ್ಲಿ ಕೊಯ್ಲು ಸರಾಸರಿ 13 ದಿನ ಮುಂಚೆ ಬಂದಿದೆ.

ಅವರ ಬಳ್ಳಿ ವರ್ಷಕ್ಕೆ ಒಂದು ಸಲ ಚಳಿಗೆ ಮಲಗಿ ತಾನೇ ಏಳುತ್ತದೆ. ನಮ್ಮ ಬಳ್ಳಿ ಕತ್ತರಿ ಬಿದ್ದಾಗ ಏಳುತ್ತದೆ. ಹಾಗಾಗಿ ತಾರೀಕು ಬದಲಿಸುವ ಅವಕಾಶ ಅವರಿಗಿಂತ ನಮಗೇ ಹೆಚ್ಚು. ತಳಿಯ ವಿಷಯದಲ್ಲಿ ಮಾತ್ರ ನಾವು ಹಿಂದೆ. ಥಾಮ್ಸನ್, ಮಾಣಿಕ್ ಚಮನ್, ಸೋನಾಕಾ ಎಲ್ಲ ಹೆಚ್ಚುಕಡಿಮೆ ಒಂದೇ ಮನೆತನದವು, ಡೌನಿಗೆ ಎಲ್ಲವೂ ಸುಲಭ ತುತ್ತು. ಬೇರಿನ ಕಡೆ ಪರಿಸ್ಥಿತಿ ವಾಸಿ. ಡಾಗ್‌ರಿಡ್ಜ್, 110ಆರ್ ಎಂಬ ಕಾಡು ಬೇರಿನ ಮೇಲೆ ಕಸಿ ಮಾಡಿದ ಬಳ್ಳಿ ಸವಳು ನೀರನ್ನೂ ಬರವನ್ನೂ ಸ್ವಂತ ಬೇರಿನ ಬಳ್ಳಿಗಿಂತ ಚೆನ್ನಾಗಿ ತಡೆಯುತ್ತದೆ. ಹೊಸ ತೋಟ ಹಾಕುವವರು ಬೋರ್ ನೀರು, ಮಣ್ಣು ಪರೀಕ್ಷೆ ಮಾಡಿಸಿದ ಮೇಲೆಯೇ ಬೇರು ಆರಿಸುವುದು ಒಳ್ಳೆಯದು.

ಪ್ಲಾಸ್ಟಿಕ್ ಹೊದಿಕೆ ಯಾರಿಗೆ?

ಬಳ್ಳಿಯ ಸಾಲಿನ ಮೇಲೆ ಪ್ಲಾಸ್ಟಿಕ್ ಹೊದಿಸುವುದು ಈಗ ಎಲ್ಲರ ಬಾಯಲ್ಲಿರುವ ಮಾತು. ಹೊದಿಕೆ ಮಳೆ ತಡೆಯುತ್ತದೆ, ಎಲೆ ನೆನೆಯುವುದಿಲ್ಲ, ಡೌನಿ ಮತ್ತು ಚಿಬ್ಬು ರೋಗ ಬಹಳ ಕಡಿಮೆಯಾಗುತ್ತವೆ. ಔಷಧದ ಖರ್ಚೂ ಇಳಿಯುತ್ತದೆ. ಇದೆಲ್ಲ ನಿಜ. ಆದರೆ ಒಳಗೆ ಬಿಸಿ ಹೆಚ್ಚುತ್ತದೆ, ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಬೂದಿ ರೋಗ, ಥ್ರಿಪ್ಸ್, ನುಸಿಯ ಕಾಟ ಹೆಚ್ಚಾಗಬಹುದು. ಗಾಳಿಗೆ ಹರಿದರೆ ಖರ್ಚು ಮತ್ತೆ. ಎಕರೆಗೆ ಲಕ್ಷಗಟ್ಟಲೆ ಹಾಕಬೇಕಾದ ಈ ವ್ಯವಸ್ಥೆ ತಿನ್ನುವ ದ್ರಾಕ್ಷಿಯನ್ನು ಒಳ್ಳೆಯ ದರಕ್ಕೆ ಕಳಿಸುವವರಿಗೆ ಲೆಕ್ಕಕ್ಕೆ ಬರಬಹುದು. ಒಣದ್ರಾಕ್ಷಿಗೇ ಬೆಳೆಯುವ ಸಣ್ಣ ಬೆಳೆಗಾರ ಸಾಲ ಮಾಡಿ ಇದಕ್ಕೆ ಕೈ ಹಾಕುವುದು ಅಪಾಯ. ಅವರ ಹಣ ಮೊದಲು ಹೋಗಬೇಕಾದ ಜಾಗ ಒಣಗಿಸುವ ಶೆಡ್ಡು ಮತ್ತು ನೀರು.

ಹೊಂಡದ ಲೆಕ್ಕ

ಕೃಷಿ ಹೊಂಡದ ಬಗ್ಗೆ ಮಾತಾಡುವವರು ಬಹಳ, ಅದರ ನೀರಿನ ಲೆಕ್ಕ ಹಾಕುವವರು ಕಡಿಮೆ. ಮೇಲ್ಭಾಗ 30 ಮೀಟರ್ ಉದ್ದ, 30 ಮೀಟರ್ ಅಗಲ, 3 ಮೀಟರ್ ಆಳದ ಇಳಿಜಾರು ಬದಿಯ ಹೊಂಡದಲ್ಲಿ ಸುಮಾರು 22 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 8 ಮಿ.ಮೀ. ಆವಿಯಾದರೂ ದಿನಕ್ಕೆ 7,200 ಲೀಟರ್ ಹೋಯಿತು. ಮೂರು ತಿಂಗಳಿಗೆ ಸುಮಾರು ಆರೂವರೆ ಲಕ್ಷ ಲೀಟರ್. ಉಳಿಯುವುದು ಹದಿನೈದೂವರೆ ಲಕ್ಷ.

10 ಅಡಿಗೆ 5 ಅಡಿ ಅಂತರದಲ್ಲಿ ಎಕರೆಗೆ ಸುಮಾರು 870 ಬಳ್ಳಿ. ಜೀವ ಹಿಡಿಯಲು ಬಳ್ಳಿಗೆ ದಿನಕ್ಕೆ 10 ಲೀಟರ್ ಅಂದರೂ ಎಕರೆಗೆ 8,700 ಲೀಟರ್. ಮೂರು ತಿಂಗಳಿಗೆ ಎಂಟು ಲಕ್ಷದ ಹತ್ತಿರ. ಅಂದರೆ ಇಷ್ಟು ದೊಡ್ಡ ಹೊಂಡ ಎರಡು ಎಕರೆಯನ್ನು ಮಾತ್ರ ಬೇಸಿಗೆ ದಾಟಿಸುತ್ತದೆ. ಅದೂ ಬಳ್ಳಿ ಬದುಕಿಸಲು, ಚಿಗುರು ಬೆಳೆಯುವಾಗ ಇದಕ್ಕಿಂತ ಹೆಚ್ಚು ಬೇಕು. ಹೊಂಡ ಇಲ್ಲದವರಿಗೆ ಇದೇ ಲೆಕ್ಕ 5,000 ಲೀಟರ್ ಟ್ಯಾಂಕರ್‌ನಲ್ಲಿ ಎಕರೆಗೆ ದಿನಕ್ಕೆ ಸುಮಾರು ಎರಡು. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೆರೆ ತುಂಬುವ ಊರುಗಳಲ್ಲಿ ಬೋರ್‌ವೆಲ್‌ಗಳಿಗೆ ಜೀವ ಬಂದಿದೆ, ಆದರೆ ಕೃಷ್ಣೆಯಲ್ಲಿ ನೀರು ಕಡಿಮೆ ಇರುವ ವರ್ಷ ಆ ಧೈರ್ಯವೂ ಇರುವುದಿಲ್ಲ.

ಹಾಗಾಗಿ ಆವಿಯಾಗುವ ನೀರನ್ನು ಉಳಿಸುವುದೇ ಮೊದಲ ಗಳಿಕೆ. ಕಬ್ಬಿನ ರವದಿ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಹೊಲದಲ್ಲೇ ಸುಡುವವರೂ ಇದ್ದಾರೆ. ಅದನ್ನು ಬಳ್ಳಿಯ ಬುಡಕ್ಕೆ, ಹನಿ ನೀರಾವರಿ ಪೈಪಿನ ಮೇಲೆ ದಪ್ಪಗೆ ಹಾಸಿದರೆ ಮಣ್ಣಿನ ತೇವ ನಿಲ್ಲುತ್ತದೆ, ಬೇರಿಗೆ ಬಿಸಿ ತಟ್ಟುವುದಿಲ್ಲ, ಕೊಳೆತು ಗೊಬ್ಬರವೂ ಆಗುತ್ತದೆ. ಹನಿ ನೀರಾವರಿ, ಹೊಂಡಕ್ಕೆ ಸಹಾಯಧನ ಆಯಾ ವರ್ಷದ ಆದೇಶದ ಮೇಲಿರುತ್ತದೆ. ಪೈಪು ಕೊಳ್ಳುವ ಮುಂಚೆಯೇ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು, ಕೊಂಡ ಮೇಲೆ ಬಿಲ್ ಹಿಡಿದು ಹೋದರೆ ಕೆಲಸ ಆಗುವುದಿಲ್ಲ.

ಶೆಡ್ಡಿನಲ್ಲಿ ಹದಿನೈದು ದಿನ

ನಾಲ್ಕು ಕೆಜಿ ಹಸಿ ದ್ರಾಕ್ಷಿಗೆ ಸುಮಾರು ಒಂದು ಕೆಜಿ ಒಣದ್ರಾಕ್ಷಿ. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ, ನೆರಳು ಪರದೆಯ ಕೆಳಗೆ ಹತ್ತು-ಹನ್ನೆರಡು ಅಂತಸ್ತಿನ ಬಲೆಯ ಮೇಲೆ ಹರಡಿದರೆ 12ರಿಂದ 15 ದಿನದಲ್ಲಿ ಒಣಗುತ್ತದೆ. ಆ ದ್ರಾವಣದ ಕೆಲಸವೇ ಕಾಳಿನ ಮೇಲಿನ ಮೇಣದ ಪದರ ಒಡೆದು ತೇವ ಹೊರಹೋಗಲು ದಾರಿ ಮಾಡುವುದು. ಒಳಗಿನಿಂದ ತೇವ ಹೋಗುವ ದಾರಿಯಲ್ಲೇ ಹೊರಗಿನ ಮಳೆ ಒಳಗೂ ಬರುತ್ತದೆ. ಒಂದು ರಾತ್ರಿ ನೆನೆದರೆ ಬಣ್ಣ ಕಪ್ಪಾಗುತ್ತದೆ, ಬೂಜು ಹಿಡಿಯುತ್ತದೆ. ಸಾಂಗ್ಲಿ, ತಾಸಗಾಂವ ಪೇಟೆಯಲ್ಲಿ ದರ ಕಟ್ಟುವುದೇ ಬಣ್ಣ ನೋಡಿ. ಇಡೀ ವರ್ಷ ಮಳೆ, ರೋಗ ಎಲ್ಲ ದಾಟಿ ಬಂದ ಬೆಳೆ ಕೊನೆಯ ಹದಿನೈದು ದಿನದಲ್ಲಿ ಅರ್ಧ ಬೆಲೆಗೆ ಇಳಿಯುವುದು ಹೀಗೆ.

ಶೆಡ್ಡಿನ ನೆತ್ತಿಗೆ ಪ್ಲಾಸ್ಟಿಕ್ ಇರುತ್ತದೆ, ಗಾಳಿ-ಮಳೆ ಬರುವುದು ಪಕ್ಕದಿಂದ. ಸುತ್ತಲೂ ಎಳೆದು ಕಟ್ಟುವ ತಾಡಪತ್ರಿ, ನೀರು ನಿಲ್ಲದಂತೆ ಶೆಡ್ಡಿನ ಸುತ್ತ ಚರಂಡಿ, ಕೆಳಗಿನ ಬಲೆ ನೆಲದಿಂದ ಎರಡು ಅಡಿ ಮೇಲೆ. ಖರ್ಚು ದೊಡ್ಡದಲ್ಲ. ಅದಕ್ಕಿಂತ ಮುಖ್ಯ, ಕೊಯ್ಲು ಶುರು ಮಾಡುವ ಮುಂಚೆ ಮುನ್ಸೂಚನೆ ನೋಡಿ, ತಾಡಪತ್ರಿ ಮುಚ್ಚಬಲ್ಲಷ್ಟೇ ಮಾಲನ್ನು ಒಂದು ಸಲಕ್ಕೆ ಅದ್ದುವುದು. ಸ್ವಂತ ಶೆಡ್ಡು ಇಲ್ಲದೆ ಬಾಡಿಗೆಗೆ ಹಾಕುವವರು ಈ ಮಾತನ್ನು ಮೊದಲೇ ಆಡಿಕೊಳ್ಳಬೇಕು, ನೆನೆದ ಮಾಲಿನ ನಷ್ಟ ಯಾರದು ಎಂಬುದನ್ನೂ ಸೇರಿಸಿ.

ವಿಮೆ ನೋಡುವುದು ತೋಟವನ್ನಲ್ಲ

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಗಾರಿಕೆ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಶೇ 5. ಇದರಲ್ಲಿ ಅಧಿಕಾರಿ ಬಂದು ಗೊಂಚಲು ಎಣಿಸುವುದಿಲ್ಲ. ನಿಗದಿತ ಮಳೆ ಮಾಪಕ ಕೇಂದ್ರದ ಅಂಕಿ-ಅಂಶ ನೋಡಿ, ಅಧಿಸೂಚನೆಯಲ್ಲಿ ಹೇಳಿದ ತಾರೀಕುಗಳ ನಡುವೆ ಹೇಳಿದ ಮಿತಿ ಮೀರಿದ್ದರೆ ಹಣ ಬರುತ್ತದೆ. ತೋಟ ಪೂರ್ತಿ ಹಾಳಾದರೂ ಮಾಪಕದಲ್ಲಿ ಮಳೆ ಕಡಿಮೆ ದಾಖಲಾಗಿದ್ದರೆ ಬರುವುದಿಲ್ಲ. ಮೂರು ದಿನದ ತುಂತುರಿಗೆ ಡೌನಿ ಬಂದವರಿಗೆ ಆಗುವ ನಿರಾಶೆಯ ಕಾರಣ ಇದೇ. ಅದಕ್ಕೇ ಕಂತು ಕಟ್ಟುವ ಮುಂಚೆ ಬ್ಯಾಂಕಿನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಎರಡು ಪ್ರಶ್ನೆ ಕೇಳಬೇಕು: ನಮ್ಮ ಪಂಚಾಯಿತಿಗೆ ಯಾವ ಮಳೆ ಮಾಪಕ, ವಿಮೆಯ ರಕ್ಷಣೆ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ? ಚಾಟ್ನಿಯನ್ನು ಮುಂದೆ ಹಾಕಿದವರ ಹೂವಿನ ಕಾಲ ಆ ತಾರೀಕಿನ ಹೊರಗೆ ಬಿದ್ದರೆ ಕಟ್ಟಿದ ಕಂತು ಉಪಯೋಗಕ್ಕೆ ಬರುವುದಿಲ್ಲ.

ಸರ್ಕಾರದ ಬೆಳೆ ಹಾನಿ ಪರಿಹಾರ ಬೇರೆ. ಅದಕ್ಕೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿ ಆಗಿರಬೇಕು. 2022ರಿಂದ ಜಾರಿಗೆ ಬಂದ ಕೇಂದ್ರದ ಮಾರ್ಗಸೂಚಿ ಪ್ರಕಾರ ಬಹುವಾರ್ಷಿಕ ಬೆಳೆಗೆ ಹೆಕ್ಟೇರ್‌ಗೆ 22,500 ರೂಪಾಯಿ, ಗರಿಷ್ಠ 2 ಹೆಕ್ಟೇರ್. ಎಕರೆಗೆ ಲೆಕ್ಕ ಹಾಕಿದರೆ 9 ಸಾವಿರದ ಸ್ವಲ್ಪ ಮೇಲೆ. ಇದಕ್ಕೆ ಪಹಣಿಯಲ್ಲಿ ದ್ರಾಕ್ಷಿ ಎಂದು ನಮೂದಾಗಿರಬೇಕು. ಬೆಳೆ ಸಮೀಕ್ಷೆಯಲ್ಲಿ ಜೋಳ ಎಂದೋ ಖಾಲಿ ಜಾಗ ಎಂದೋ ದಾಖಲಾಗಿದ್ದರೆ ಪರಿಹಾರವೂ ಇಲ್ಲ, ವಿಮೆಗೂ ತೊಡಕು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತಮ್ಮ ಸರ್ವೆ ನಂಬರಿನ ಎದುರು ಏನಿದೆ ಎಂದು ನೋಡಿಕೊಳ್ಳಲು, ತಪ್ಪಿದ್ದರೆ ಗ್ರಾಮ ಆಡಳಿತಾಧಿಕಾರಿ ಬಳಿ ಆಕ್ಷೇಪಣೆ ಕೊಡಲು ಸರಿಯಾದ ಸಮಯ ಚಾಟ್ನಿಗೆ ಮುಂಚಿನ ದಿನಗಳು. ಮಳೆ ಬಂದ ಮೇಲೆ ಹೋದರೆ ಅಲ್ಲೂ ಸಾಲು ಇರುತ್ತದೆ.